ಕೈ ಚಾಚಿದರೆ ಜೊತೆಗಾರ ಸಿಗಬೇಕು: ತಣ್ಣನೆಯ ಕದಡು ನೀರಿನಲ್ಲಿ ಗುಂಪು ಡೈವ್

ನಮ್ಮದು ಸ್ಕೂಬಾ ಕ್ಲಬ್, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಈಜುವವರದು. ನಾವು ಹೆಚ್ಚಾಗಿ ಡೈವ್ ಮಾಡುವುದು ನೀರು ತುಂಬಿದ ಒಂದು ಹಳೆಯ ಕಲ್ಲುಕ್ವಾರಿಯಲ್ಲಿ. ತಳದಲ್ಲಿ ನೀರು 6 ಡಿಗ್ರಿ ಇರುತ್ತದೆ. ಒಳ್ಳೆಯ ದಿನ ಮೂರು ಮೀಟರ್ ದೂರ ಕಾಣುತ್ತದೆ. ಕೆಟ್ಟ ದಿನ ಚಾಚಿದ ಕೈಯ ಬೆರಳುಗಳೇ ಮಸುಕು. ಹನ್ನೊಂದು ವರ್ಷದಿಂದ ಇಲ್ಲಿ ಗುಂಪುಗಳನ್ನು ಇಳಿಸುತ್ತಿದ್ದೇನೆ. ಹೊಸಬರಿಗೆ ಮೊದಲು ಹೇಳುವ ಮಾತು ಒಂದೇ: ಎಂಟು ಜನರ ಗುಂಪು ಇರುವುದು ದಡದಲ್ಲಿ ಮಾತ್ರ. ನೀರೊಳಗೆ ಇರುವುದು ನಾಲ್ಕು ಜೋಡಿ.

ಶುರುವಿನಲ್ಲಿ ನನಗೂ ಇದು ಗೊತ್ತಿರಲಿಲ್ಲ. ಆರು ಜನರನ್ನು ಸಾಲಾಗಿ ಕರೆದುಕೊಂಡು ಹೋಗಿದ್ದೆ. ಒಬ್ಬರ ಫಿನ್ (ಕಾಲಿಗೆ ಹಾಕುವ ಈಜುರೆಕ್ಕೆ) ನೋಡಿಕೊಂಡು ಇನ್ನೊಬ್ಬರು ಬರುತ್ತಿದ್ದರು. ಮೂರನೆಯವರ ಫಿನ್ ತಳಕ್ಕೆ ತಾಗಿತು, ಹೂಳು ಎದ್ದಿತು. ಹಿಂದಿದ್ದ ಮೂವರಿಗೆ ಎದುರಿಗೆ ಕಂದು ಗೋಡೆ ಬಿಟ್ಟರೆ ಏನೂ ಕಾಣಲಿಲ್ಲ. ನಾನು ತಿರುಗಿ ನೋಡಿದಾಗ ಹಿಂದೆ ಒಂದೇ ಟಾರ್ಚ್ ಬೆಳಕು. ಮೇಲೆ ಬಂದು ಆರು ತಲೆ ಎಣಿಸುವ ಹೊತ್ತಿಗೆ ನಾಲ್ಕು ನಿಮಿಷ ಕಳೆದಿತ್ತು. ಎಲ್ಲರೂ ಕ್ಷೇಮವಾಗಿದ್ದರು. ಆದರೆ ಆ ನಾಲ್ಕು ನಿಮಿಷ ಇವತ್ತಿಗೂ ನನ್ನೊಳಗಿದೆ.

ಹಾಗಾಗಿ ಈಗ ಜೋಡಿ ಜೋಡಿಯಾಗಿ ಇಳಿಸುತ್ತೇನೆ, ಒಂದೊಂದು ಜೋಡಿಗೂ ಐದು ನಿಮಿಷ ಅಂತರ. ತೇಲುಬುರುಡೆಯಿಂದ ತಳದವರೆಗೆ ತೂಕ ಕಟ್ಟಿದ ಹಗ್ಗ ಇರುತ್ತದೆ. ಇಳಿಯುವುದೂ ಏರುವುದೂ ಅದನ್ನೇ ಹಿಡಿದು. ಹೊಸಬರ ಜೊತೆ ಒಬ್ಬ ಪಳಗಿದವರು ಇರಲೇಬೇಕು. ಮೂವರ ತಂಡ ಬೇಡ. ಒಬ್ಬರು ಯಾವಾಗಲೂ ಅಂಚಿಗೆ ಸರಿದು ಕಳೆದುಹೋಗುತ್ತಾರೆ.

ಜೋಡಿ ಹಿಂದೆ ಮುಂದೆ ಈಜಬಾರದು. ಪಕ್ಕಪಕ್ಕದಲ್ಲಿ, ಭುಜದ ಸಮಕ್ಕೆ ಇರಿ. ಯಾರು ಎಡಕ್ಕೆ, ಯಾರು ಬಲಕ್ಕೆ ಎಂದು ದಡದಲ್ಲೇ ಗೊತ್ತುಮಾಡಿ, ಕೊನೆಯವರೆಗೂ ಬದಲಿಸಬೇಡಿ. ಒಂದು ಮೀಟರ್ ಕೂಡ ಕಾಣದಿದ್ದರೆ ಮೊಳಕ್ಕಿಂತ ಸ್ವಲ್ಪ ಜಾಸ್ತಿ ಉದ್ದದ ಹಗ್ಗವನ್ನು ಇಬ್ಬರೂ ಕೈಯಲ್ಲಿ ಹಿಡಿಯಿರಿ. ಮೈಗೆ ಕಟ್ಟಿಕೊಳ್ಳಬೇಡಿ. ಎಲ್ಲಾದರೂ ಸಿಕ್ಕಿಕೊಂಡರೆ ತಕ್ಷಣ ಬಿಡಲು ಬರಬೇಕು, ಅಲ್ವಾ?

ಸನ್ನೆಗಳನ್ನು ಒಣ ನೆಲದ ಮೇಲೆ ಮಾಡಿ ನೋಡಿ. ದಪ್ಪ ಕೈಗವಸಿನಲ್ಲಿ ಬೆರಳ ಸನ್ನೆ ತಿಳಿಯುವುದಿಲ್ಲ. ಹಾಗಾಗಿ ಮುಟ್ಟಿ ಹೇಳುವ ಸನ್ನೆಯೂ ಬೇಕು. ನಮ್ಮಲ್ಲಿ ತೋಳನ್ನು ಒಮ್ಮೆ ಹಿಚುಕಿದರೆ ‘ನೀನು ಸರಿಯಾಗಿದ್ದೀಯಾ?’, ಎರಡು ಸಲ ಹಿಚುಕಿದರೆ ‘ನಿಲ್ಲು’. ಟಾರ್ಚನ್ನು ನಿಧಾನವಾಗಿ ಸುತ್ತು ತಿರುಗಿಸಿದರೆ ‘ಸರಿ’, ಅತ್ತಿತ್ತ ಬೇಗ ಬೇಗ ಬೀಸಿದರೆ ‘ತೊಂದರೆ, ಇತ್ತ ನೋಡು’. ಬೆಳಕು ಜೊತೆಗಾರರ ಕಣ್ಣಿಗೆ ಬೀಳಬಾರದು. ಅಗಲ ಬೆಳಕಿನ ಟಾರ್ಚ್ ಇಲ್ಲಿ ಕೆಲಸಕ್ಕೆ ಬಾರದು. ಮಂಜಿನಲ್ಲಿ ಗಾಡಿಯ ಹೈಬೀಮ್ ಹಾಕಿದಂತೆ ಹೂಳಿನ ಕಣಗಳೇ ಹೊಳೆದು ಕಣ್ಣು ಕಟ್ಟುತ್ತವೆ. ಕಿರಿದಾದ ಬೆಳಕಿನದು ತಂದು, ಮುಖದಿಂದ ದೂರಕ್ಕೆ, ಪಕ್ಕಕ್ಕೆ ಹಿಡಿಯಿರಿ.

ಜೊತೆಗಾರ ಕಾಣದಾದರೆ? ನಿಂತಲ್ಲೇ ಒಂದು ಸುತ್ತು ತಿರುಗಿ. ಬೆಳಕು ಇದೆಯಾ, ಗುಳ್ಳೆ ಏಳುತ್ತಿದೆಯಾ ನೋಡಿ. ಒಂದು ನಿಮಿಷ, ಅಷ್ಟೇ. ಆಮೇಲೆ ನಿಮಿಷಕ್ಕೆ 9 ಮೀಟರ್ ಮೀರದಂತೆ ಮೇಲೆ ಬನ್ನಿ. ಅವರೂ ಅದನ್ನೇ ಮಾಡುತ್ತಿರುತ್ತಾರೆ ಎಂಬ ನಂಬಿಕೆ ಇದ್ದರೆ ಮಾತ್ರ ಇದು ನಡೆಯುತ್ತದೆ. ಒಬ್ಬರು ಕೆಳಗೇ ಹುಡುಕುತ್ತಾ ಕುಳಿತರೆ ಇಡೀ ಲೆಕ್ಕ ತಪ್ಪುತ್ತದೆ. ಏರುವಾಗ 5 ಮೀಟರ್ ಆಳದಲ್ಲಿ ಸುರಕ್ಷತೆಗೆಂದು ಸ್ವಲ್ಪ ಹೊತ್ತು ನಿಲ್ಲುವ ನಿಲುಗಡೆ ಮಾಡಬೇಕೋ ಬೇಡವೋ ಎಂಬುದನ್ನೂ ಮೊದಲೇ ಮಾತಾಡಿಕೊಳ್ಳಿ. ಇಂಥ ನೀರಿನಲ್ಲಿ ಡಿಕಂಪ್ರೆಷನ್ (ಮೈಯಲ್ಲಿ ಕರಗಿದ ನೈಟ್ರೋಜನ್ ಹೊರಹೋಗಲು ಏರುವಾಗ ಕಡ್ಡಾಯವಾಗಿ ನಿಲ್ಲುವುದು) ಬೇಕಾಗುವಷ್ಟು ಹೊತ್ತು ಇರಲೇಬೇಡಿ. ಯಾವ ಕ್ಷಣದಲ್ಲಾದರೂ ನೇರವಾಗಿ ಮೇಲೆ ಬರುವ ದಾರಿ ತೆರೆದಿರಬೇಕು.

ಇನ್ನು ಚಳಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಜೊತೆಗೆ ವೆಟ್‌ಸೂಟ್ (ಒಳಗೆ ನೀರು ಬರುವ ರಬ್ಬರಿನ ಸೂಟ್) ಆಳದಲ್ಲಿ ತೆಳುವಾಗುತ್ತದೆ. 20 ಮೀಟರ್‌ನಲ್ಲಿ ಒತ್ತಡ ಮೇಲಿನ ಮೂರು ಪಟ್ಟು. ದಡದಲ್ಲಿ 7 ಮಿಲಿಮೀಟರ್ ಇದ್ದದ್ದು ಅಲ್ಲಿ ಹಿಂಡಿಹೋಗಿರುತ್ತದೆ. 10 ಡಿಗ್ರಿಗಿಂತ ತಣ್ಣಗಿದ್ದರೆ ನೀರು ಒಳಗೆ ಬಿಡದ ಡ್ರೈಸೂಟೇ ಸರಿ, ಆದರೆ ಅದರ ತರಬೇತಿ ಆಗಿರಬೇಕು. ತಲೆಯ ಹುಡ್ ಬಿಗಿಯಾಗಿ ಕೂತಿದೆಯಾ ನೋಡಿ. ಒಂದೇ ಕಿವಿಗೆ ತಣ್ಣೀರು ನುಗ್ಗಿದರೆ ತಲೆ ಗಿರ್ರನೆ ತಿರುಗುತ್ತದೆ. ಆಗ ಹಗ್ಗ ಹಿಡಿದು ಅಲ್ಲಾಡದೆ ನಿಲ್ಲಿ, ಸ್ವಲ್ಪ ಹೊತ್ತಿಗೆ ಹೋಗುತ್ತದೆ. ಇಳಿಯುವ ಮೊದಲು ಮುಖಕ್ಕೆ ಅದೇ ನೀರು ಎರಚಿಕೊಳ್ಳಿ. ಸುಮ್ನೆ ಧುಮುಕಿದರೆ ಉಸಿರು ತಾನಾಗಿ ಸಿಕ್ಕಿಕೊಂಡು ಏದುಸಿರು ಬರುತ್ತದೆ.

ಚಳಿಯಲ್ಲಿ ನಾನು ಹೆಚ್ಚು ಹೆದರುವುದು ರೆಗ್ಯುಲೇಟರ್‌ಗೆ, ಅಂದರೆ ಸಿಲಿಂಡರಿನ ಗಾಳಿಯನ್ನು ಉಸಿರಿಗೆ ಕೊಡುವ ಸಾಧನಕ್ಕೆ. ಸಿಲಿಂಡರಿನ ಗಾಳಿ ಹಿಗ್ಗುವಾಗ ತಣ್ಣಗಾಗುತ್ತದೆ. ತಣ್ಣೀರಿನಲ್ಲಿ ರೆಗ್ಯುಲೇಟರ್ ಮಂಜುಗಟ್ಟಿ ವಾಲ್ವ್ ತೆರೆದೇ ನಿಂತುಬಿಡಬಹುದು. ಆಗ ಗಾಳಿ ಭೋರ್ಗರೆದು ಸುರಿಯುತ್ತದೆ, ಕೆಲವೇ ನಿಮಿಷದಲ್ಲಿ ಸಿಲಿಂಡರ್ ಖಾಲಿ. ಅದಕ್ಕೆ ತಣ್ಣೀರಿಗೆಂದೇ ಮಾಡಿದ ರೆಗ್ಯುಲೇಟರ್ ತನ್ನಿ. ದಡದ ಚಳಿಗಾಳಿಯಲ್ಲಿ ಅದರಿಂದ ಉಸಿರಾಡಿ ನೋಡುವುದು, ಗಾಳಿಯನ್ನು ಒಮ್ಮೆಲೇ ಹೊರಬಿಡುವ ಪರ್ಜ್ ಗುಂಡಿ ಒತ್ತುವುದು ಬೇಡ. ತೇಲಲು ತೊಡುವ ಜಾಕೆಟ್‌ಗೆ ಗಾಳಿ ತುಂಬುವಾಗ ಗುಂಡಿಯನ್ನು ಚಿಕ್ಕ ಚಿಕ್ಕದಾಗಿ ಒತ್ತಿ, ಅದೇ ಹೊತ್ತಿಗೆ ಉಸಿರು ಎಳೆಯಬೇಡಿ. ಆದರೂ ಸುರಿಯತೊಡಗಿದರೆ ತುಟಿ ಬಿಗಿಯದೆ ಆ ಹರಿವಿನಿಂದಲೇ ಹೀರಿಕೊಳ್ಳಿ, ಇಲ್ಲವೇ ಜೊತೆಗಾರರ ಆಕ್ಟೋಪಸ್ (ಅವರ ಸಿಲಿಂಡರಿನಿಂದಲೇ ಉಸಿರಾಡಲು ಇರುವ ಎರಡನೆಯ ಬಾಯಿತುಂಡು) ತೆಗೆದುಕೊಳ್ಳಿ. ಇಬ್ಬರೂ ಒಟ್ಟಿಗೆ ಮೇಲೆ. ಕೈ ಚಾಚುವ ದೂರದಲ್ಲಿ ಜೊತೆಗಾರ ಇರಬೇಕು ಎನ್ನುವುದು ಈ ಕ್ಷಣಕ್ಕಾಗಿಯೇ.

ಗಾಳಿಯನ್ನು ಮೂರು ಪಾಲು ಮಾಡಿ: ಹೋಗಲು ಒಂದು, ಬರಲು ಒಂದು, ಮುಟ್ಟದೆ ಉಳಿಸಲು ಒಂದು. ಸಿಲಿಂಡರಿನ ಒತ್ತಡ 200 ಬಾರ್ ಇದ್ದರೆ ಸುಮಾರು 135ಕ್ಕೆ ವಾಪಸ್ ತಿರುಗಬೇಕು. ಚಳಿಯಲ್ಲಿ ಉಸಿರು ಜಾಸ್ತಿ ಖರ್ಚಾಗುತ್ತದೆ. ಐದು ನಿಮಿಷಕ್ಕೊಮ್ಮೆ ಗೇಜನ್ನು ಒಬ್ಬರಿಗೊಬ್ಬರು ತೋರಿಸಿ.

ತಳದಿಂದ ಒಂದು ಮೀಟರಾದರೂ ಮೇಲಿರಿ. ಮಂಡಿ ಮಡಿಚಿ, ಕಪ್ಪೆಯ ಹಾಗೆ ಕಾಲನ್ನು ಹಿಂದಕ್ಕೆ ತಳ್ಳಿ ಈಜಿ. ಕಾಲನ್ನು ಮೇಲೆ ಕೆಳಗೆ ಬಡಿದರೆ ನಿಮ್ಮ ಹಿಂದೆ ಬರುವ ಜೋಡಿಗೆ ಕತ್ತಲು ಮಾಡಿದಂತೆ.

ಹೆಬ್ಬೆರಳಿಂದ ಕಿರುಬೆರಳನ್ನು ಆಗಾಗ ಮುಟ್ಟಿ ನೋಡಿ. ಮುಟ್ಟಲು ಆಗದಿದ್ದರೆ, ಅಥವಾ ನಡುಕ ಶುರುವಾದರೆ, ಹೆಬ್ಬೆರಳು ಮೇಲೆತ್ತಿ. ಡೈವಿಂಗ್‌ನಲ್ಲಿ ಅದರ ಅರ್ಥ ‘ಮೇಲೆ ಹೋಗೋಣ’. ಯಾರು ಬೇಕಾದರೂ, ಎಷ್ಟು ಹೊತ್ತಿಗೆ ಬೇಕಾದರೂ ಎತ್ತಬಹುದು. ನಮ್ಮಲ್ಲಿ ಯಾಕೆ ಎಂದು ಯಾರೂ ಕೇಳುವುದಿಲ್ಲ, ದಡಕ್ಕೆ ಬಂದ ಮೇಲೂ.

ದಡದಲ್ಲಿ ಒಬ್ಬರು ಪಟ್ಟಿ ಹಿಡಿದು ಕೂತಿರಬೇಕು. ಇಳಿದ ಸಮಯ, ಬರಬೇಕಾದ ಸಮಯ, ಬಂದ ಸಮಯ ಮೂರೂ ಬರೆಯಬೇಕು. ಬಂದವರು ಗಾಳಿಗೆ ಮರೆಯಾಗಿ ಒದ್ದೆ ಸೂಟ್ ಕಳಚಿ, ಒಣ ಬಟ್ಟೆ ಹಾಕಿ, ಬಿಸಿಯಾಗಿ ಏನಾದರೂ ಕುಡಿಯಲಿ. ತಕ್ಷಣ ಸುಡುಸುಡು ನೀರಿನ ಸ್ನಾನ ಬೇಡ, ಸಿಲಿಂಡರ್ ಹೊತ್ತು ಓಡುವುದೂ ಬೇಡ. ಪಟ್ಟಿಯ ಕೊನೆಯ ಹೆಸರಿನ ಮುಂದೆ ಸಮಯ ಬರೆಯುವವರೆಗೂ ನಾನು ನನ್ನ ಸೂಟ್ ಬಿಚ್ಚುವುದಿಲ್ಲ.