ಬೇರೆ ದೇಶದ ಸಂಸ್ಕೃತಿ ಮೇಲೆ ಪ್ರಾಜೆಕ್ಟ್ ಕೊಟ್ಟಿದಾರಾ? ಕಾಲೇಜ್ ಲೈಬ್ರರಿನ ಹೀಗೆ ಬಳಸಿ

ಪ್ರತಿ ಸೆಮಿಸ್ಟರ್‌ನಲ್ಲೂ ನೋಡ್ತೀನಿ. ‘ಯಾವುದಾದ್ರೂ ಒಂದು ವಿಶ್ವ ಸಂಸ್ಕೃತಿ ಬಗ್ಗೆ ಬರೀರಿ’ ಅಂದ ತಕ್ಷಣ ಮಕ್ಕಳು ಮೊಬೈಲ್ ತೆಗೀತಾರೆ, ಮೊದಲು ಬಂದ ಪೇಜ್ ಕಾಪಿ ಮಾಡ್ತಾರೆ, ನಾಲ್ಕು ಕಲರ್ ಫೋಟೊ ಹಾಕ್ತಾರೆ, ಸ್ಪೈರಲ್ ಬೈಂಡಿಂಗ್ ಮಾಡಿಸಿ ಕೊಟ್ಬಿಡ್ತಾರೆ. ಅದೇ ಕಾಲೇಜಿನ ಲೈಬ್ರರಿಲಿ ಇದಕ್ಕಿಂತ ಹತ್ತು ಪಾಲು ಒಳ್ಳೆ ಮಾಹಿತಿ ಧೂಳು ತಿಂತಾ ಕೂತಿರತ್ತೆ. ಅದನ್ನ ಹೇಗೆ ತೆಗೆಯೋದು ಅಂತ ಇಲ್ಲಿ ಹೇಳ್ತೀನಿ. ಉದಾಹರಣೆಗೆ ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿ ಜನರನ್ನ ತಗೊಳ್ಳೋಣ.

1. ವಿಷಯ ಚಿಕ್ಕದು ಮಾಡ್ಕೊಳ್ಳಿ

‘ಮಾವೋರಿ ಸಂಸ್ಕೃತಿ’ ಅನ್ನೋದು ವಿಷಯ ಅಲ್ಲ, ಅದು ಒಂದಿಡೀ ಬೀರು ಪುಸ್ತಕ. ಅದರೊಳಗಿಂದ ಒಂದನ್ನ ಹಿಡೀರಿ. ನಾವು ‘ಮೋಕೊ’ ಹಿಡಿಯೋಣ, ಅಂದ್ರೆ ಅವರು ಮುಖದ ಮೇಲೆ, ಮೈ ಮೇಲೆ ಹಾಕಿಸಿಕೊಳ್ಳೋ ಗುರುತು. ಅದನ್ನೂ ಪ್ರಶ್ನೆ ಮಾಡ್ಕೊಳ್ಳಿ: ಗಂಡಸರ ಮುಖದ ಮೋಕೊ 19ನೇ ಶತಮಾನದಲ್ಲಿ ಯಾಕೆ ಕಮ್ಮಿ ಆಯ್ತು, ಈಗ ಯಾಕೆ ವಾಪಸ್ ಬರ್ತಿದೆ? ಪ್ರಶ್ನೆ ಇಲ್ದೆ ಲೈಬ್ರರಿ ಒಳಗೆ ಕಾಲಿಡಬೇಡಿ, ಮಧ್ಯಾಹ್ನ ಪೂರ್ತಿ ಹಾಳಾಗತ್ತೆ.

2. ವಿಶ್ವಕೋಶ ಓದಿ, ಅರ್ಧ ಗಂಟೆ ಸಾಕು

ರೆಫರೆನ್ಸ್ ಸೆಕ್ಷನ್ ಪುಸ್ತಕ ಮನೆಗೆ ಕೊಡಲ್ಲ, ಅಲ್ಲೇ ಕೂತು ಓದಿ. ಹೆಸರು, ಇಸವಿ, ಊರು ಬರ್ಕೊಳ್ಳಿ, ಅಷ್ಟೇ. ನ್ಯೂಜಿಲೆಂಡ್ ಸರ್ಕಾರದ್ದೇ ‘ತೆ ಆರಾ’ ಅನ್ನೋ ವಿಶ್ವಕೋಶ ಆನ್‌ಲೈನಲ್ಲಿ ಫ್ರೀ ಇದೆ, ಲೈಬ್ರರಿ ಕಂಪ್ಯೂಟರಲ್ಲೇ ತೆಗೀಬಹುದು.

3. ಕ್ಯಾಟಲಾಗ್‌ನಲ್ಲಿ ಹುಡುಕಿ, ಆಮೇಲೆ ರ‍್ಯಾಕ್ ಹತ್ರ ನಿಂತ್ಕೊಳ್ಳಿ

ಒಂದೇ ಪದ ಹಾಕಿ ‘ಏನೂ ಇಲ್ಲ ಸರ್’ ಅನ್ನಬೇಡಿ. ಮಾವೋರಿ ಸಿಗ್ಲಿಲ್ವಾ, ನ್ಯೂಜಿಲೆಂಡ್ ಹಾಕಿ, ಪಾಲಿನೇಷಿಯಾ (ನ್ಯೂಜಿಲೆಂಡೂ ಸೇರೋ ಪೆಸಿಫಿಕ್ ದ್ವೀಪಗಳ ಗುಂಪು) ಹಾಕಿ, ಟ್ಯಾಟೂ ಹಾಕಿ. ಇಂಗ್ಲಿಷ್‌ನಲ್ಲಿ ಈಗ ಮಾವೋರಿ ಅಂತ ಬರೆಯುವಾಗ ‘ಎ’ ಅಕ್ಷರದ ಮೇಲೆ ಗೆರೆ ಹಾಕ್ತಾರೆ, ಹಳೇ ಪುಸ್ತಕದಲ್ಲಿ ಇರಲ್ಲ, ಕೆಲವು ಸಾಫ್ಟ್‌ವೇರ್‌ಗೆ ಇವೆರಡೂ ಬೇರೆ ಬೇರೆ ಪದ, ಹಾಗಾಗಿ ಎರಡು ಥರಾನೂ ಟೈಪ್ ಮಾಡಿ. ಡ್ಯೂಯಿ ನಂಬರ್ (ಪುಸ್ತಕಗಳನ್ನ ವಿಷಯದ ಪ್ರಕಾರ ಜೋಡಿಸೋ ಸಂಖ್ಯೆ) ಇರೋ ಲೈಬ್ರರಿ ಆದ್ರೆ 993 ನ್ಯೂಜಿಲೆಂಡ್ ಇತಿಹಾಸ, 305.8 ಜನಾಂಗಗಳು, 391 ಉಡುಗೆ ತೊಡುಗೆ (ಮೈ ಮೇಲಿನ ಹಚ್ಚೆನೂ ಇಲ್ಲೇ, 391.65). ಒಂದೇ ವಿಷಯ ಮೂರು ರ‍್ಯಾಕ್‌ಲಿ ಹಂಚಿಹೋಗಿರತ್ತೆ ಅನ್ನೋದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಪುಸ್ತಕ ಸಿಕ್ಕಿದ ಮೇಲೆ ಹಿಂದುಗಡೆ ಇಂಡೆಕ್ಸ್ ನೋಡಿ, ಪುಸ್ತಕದ ಹೆಸರಲ್ಲಿ ಮೋಕೊ ಇಲ್ದೇ ಇದ್ರೂ ಒಳಗೆ ಹದಿನೈದು ಪುಟ ಇರಬಹುದು.

4. ಯಾರು ಬರೆದಿದ್ದು, ಯಾವಾಗ ಬರೆದಿದ್ದು

ಎಲ್ಲರೂ ಎಡವೋದು ಇಲ್ಲೇ, ಅದಕ್ಕೇ ನಿಧಾನವಾಗಿ ಹೇಳ್ತೀನಿ.

ಮೋಕೊ ಅಂತ ಹುಡುಕಿದ್ರೆ ಪದೇ ಪದೇ ಬರೋ ಹೆಸರು ಹೊರೇಷಿಯೊ ರೋಬ್ಲಿ. 1896ರ ಪುಸ್ತಕ, ಚಿತ್ರಗಳು ಭಾಳ ಚೆನ್ನಾಗಿವೆ, ಕಾಪಿರೈಟ್ ಮುಗಿದಿರೋದ್ರಿಂದ ಫ್ರೀಯಾಗೂ ಸಿಗತ್ತೆ. ಮಕ್ಕಳು ಅದನ್ನೇ ಎತ್ಕೊಂಡು ಬರೀತಾರೆ. ಆದ್ರೆ ಯಾರು ಈ ರೋಬ್ಲಿ? 1860ರ ದಶಕದಲ್ಲಿ ಮಾವೋರಿಗಳ ವಿರುದ್ಧ ನಡೆದ ಯುದ್ಧಕ್ಕೆ ಹೋಗಿದ್ದ ಬ್ರಿಟಿಷ್ ಸೈನ್ಯಾಧಿಕಾರಿ. ಆಮೇಲೆ ಮೋಕೊ ಇರೋ, ಒಣಗಿಸಿಟ್ಟ ಮಾವೋರಿ ತಲೆಗಳನ್ನ ಕೊಂಡು ಕೊಂಡು ಸಂಗ್ರಹ ಮಾಡಿದವನು, ಮೂವತ್ತಕ್ಕೂ ಹೆಚ್ಚು ತಲೆ. ಗೋಡೆ ತುಂಬ ಆ ತಲೆಗಳನ್ನ ನೇತುಹಾಕಿ ಅದರ ಮುಂದೆ ಕೂತು ಫೋಟೊ ಬೇರೆ ತೆಗೆಸ್ಕೊಂಡಿದಾನೆ. ಅದರಲ್ಲಿ ಬಹುಪಾಲು ನ್ಯೂಯಾರ್ಕಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ ಮಾರಾಟ ಆಯ್ತು, 2014ರಲ್ಲಿ ಆ ಮ್ಯೂಸಿಯಂ ಅವನ್ನ ನ್ಯೂಜಿಲೆಂಡಿಗೆ ವಾಪಸ್ ಕೊಡ್ತು. ಅವು ಯಾರದೋ ಅಜ್ಜ, ಮುತ್ತಜ್ಜಂದಿರ ತಲೆಗಳು. ಇದು ಗೊತ್ತಾದ ಮೇಲೆ ಅದೇ ಪುಸ್ತಕ ಬೇರೆ ಥರ ಕಾಣತ್ತೆ, ಅಲ್ವಾ?

ಹಾಗಂತ ಬಿಸಾಕಬೇಡಿ. ಅವನ ಕಾಲದಲ್ಲಿ ಅವನು ಕಣ್ಣಾರೆ ನೋಡಿ ಬರೆದ ಗೆರೆಗಳು ಇವತ್ತಿಗೂ ಉಪಯೋಗಕ್ಕೆ ಬರತ್ವೆ. ಗೆರೆ ಹೇಗಿತ್ತು ಅನ್ನೋದಕ್ಕೆ ರೋಬ್ಲಿ ಬಳಸಿ, ಗೆರೆಗೆ ಅರ್ಥ ಏನು ಅನ್ನೋದಕ್ಕೆ ಅವನೊಬ್ಬನನ್ನೇ ನಂಬಬೇಡಿ. ಅರ್ಥಕ್ಕೆ ಮಾವೋರಿಗಳೇ ಬರೆದದ್ದನ್ನ ಹುಡುಕಿ. ಮಕೆರೆಟಿ ಅಂತ ಒಬ್ಬ ಮಾವೋರಿ ಹೆಣ್ಮಗಳು ಬಿಸಿನೀರಿನ ಬುಗ್ಗೆಗಳ ಊರಲ್ಲಿ ಗೈಡ್ ಆಗಿದ್ದೋರು, ಆಮೇಲೆ ಆಕ್ಸ್‌ಫರ್ಡ್‌ಗೆ ಹೋಗಿ ಮಾನವಶಾಸ್ತ್ರ ಓದಿದ್ರು, ತನ್ನ ಜನರ ಬಗ್ಗೆ ಬರೀತಾ ಇದ್ದಾಗಲೇ 1930ರಲ್ಲಿ ತೀರ್ಕೊಂಡ್ರು, ಪುಸ್ತಕ 1938ರಲ್ಲಿ ಬಂತು. ಇನ್ನೂ ಹೊಸದು ಬೇಕಾದ್ರೆ ನಾಹುಯಿಯಾ ತೆ ಅವೆಕೊಟುಕು ಮತ್ತವರ ಜೊತೆಗಾರರು 2007ರಲ್ಲಿ ತಂದಿರೋ ಮೋಕೊ ಪುಸ್ತಕ ಇದೆ, ಮೋಕೊ ಹಾಕಿಸಿಕೊಂಡವರ ಮಾತೇ ಅದರಲ್ಲಿ ಸಿಗತ್ತೆ.

ಪುಸ್ತಕ ಕೈಗೆ ಬಂದ ತಕ್ಷಣ ಟೈಟಲ್ ಪುಟದ ಹಿಂಭಾಗ ತಿರುಗಿಸಿ ಮೊದಲ ಮುದ್ರಣದ ಇಸವಿ ನೋಡಿ. 1990ರ ರೀಪ್ರಿಂಟ್ ಅಂತ ಹೊಳೆಯೋ ರಟ್ಟು ಇರತ್ತೆ, ಒಳಗಿರೋದು 1890ರ ಅಭಿಪ್ರಾಯ ಆಗಿರತ್ತೆ. ಇನ್ನೊಂದು ಉದಾಹರಣೆ: 1350ರಲ್ಲಿ ಮಾವೋರಿಗಳ ಹಿರೀಕರ ದೊಡ್ಡ ದೋಣಿಪಡೆ ಒಂದೇ ಸಲ ನ್ಯೂಜಿಲೆಂಡಿಗೆ ಬಂತು ಅಂತ ಹಳೇ ಪುಸ್ತಕಗಳಲ್ಲಿ ಖಡಾಖಂಡಿತವಾಗಿ ಬರೆದಿರತ್ತೆ. ಅದು ಪರ್ಸಿ ಸ್ಮಿತ್ ಅನ್ನೋರು ಬೇರೆ ಬೇರೆ ಬುಡಕಟ್ಟುಗಳ ಕಥೆ ಸೇರಿಸಿ ಲೆಕ್ಕ ಹಾಕಿದ ಇಸವಿ, ಈಗಿನ ವಿದ್ವಾಂಸರು ಅದನ್ನ ಒಪ್ಪಲ್ಲ. ಪ್ರಾಜೆಕ್ಟ್‌ಗಳಲ್ಲಿ ಮಾತ್ರ ಅದು ಇನ್ನೂ ಜೀವಂತ.

ಹಾಗೇ ‘ನಮ್ಮ ಹಚ್ಚೆ ಥರಾನೇ’ ಅಂತ ಒಂದು ಸಾಲು ಬರೆದು ಮುಗಿಸಬೇಡಿ, ದಯವಿಟ್ಟು. ನಮ್ಮ ಹಳ್ಳಿ ಹಚ್ಚೆ ಸೂಜಿಯಿಂದ ಚುಚ್ಚೋದು. ಹಳೇ ಕಾಲದ ಮೋಕೊನ ಮೂಳೆಯ ಉಳಿಯಿಂದ ಚರ್ಮ ಸೀಳಿ ಹಾಕ್ತಿದ್ರು, ಮುಖದ ಮೇಲೆ ಕೊರೆದ ಹಾಗೆ ಗೀರು ಉಳೀತಿತ್ತು, ಅದು ಆ ಮನುಷ್ಯನ ವಂಶಾವಳಿಗೆ ಸೇರಿದ್ದು. ಹೋಲಿಸೋದಾದ್ರೆ ವ್ಯತ್ಯಾಸನೂ ಬರೀರಿ.

5. ಜರ್ನಲ್ ಬಿಡಬೇಡಿ

ನಿಮ್ಮ ಕಾಲೇಜು ಎನ್-ಲಿಸ್ಟ್ (ಕಾಲೇಜುಗಳಿಗೆ ಆನ್‌ಲೈನಲ್ಲಿ ಪುಸ್ತಕ, ಲೇಖನ ಒದಗಿಸೋ ಸೇವೆ) ಸದಸ್ಯ ಆಗಿದ್ರೆ ಲೈಬ್ರರಿಯನ್ ಹತ್ರ ಐಡಿ ಪಾಸ್‌ವರ್ಡ್ ಕೇಳಿ, ಮನೆಯಿಂದಾನೇ ಓದಬಹುದು. ಸರ್ಕಾರಿ ಕಾಲೇಜಾದ್ರೆ 2025ರಲ್ಲಿ ಶುರುವಾದ ವನ್ ನೇಷನ್ ವನ್ ಸಬ್‌ಸ್ಕ್ರಿಪ್ಷನ್ (ಜರ್ನಲ್‌ಗಳನ್ನ ಕೇಂದ್ರ ಸರ್ಕಾರವೇ ಒಟ್ಟಿಗೆ ಕೊಂಡು ಓದೋಕೆ ಕೊಡೋ ಯೋಜನೆ) ಬಗ್ಗೆನೂ ವಿಚಾರಿಸಿ. ಫೀಸಲ್ಲಿ ಲೈಬ್ರರಿ ದುಡ್ಡು ಕಟ್ಟಿರ್ತೀರ, ಕೇಳೋಕೆ ಸಂಕೋಚ ಬೇಡ. ಪಾಲಿನೇಷಿಯನ್ ಸೊಸೈಟಿಯ ಜರ್ನಲ್ 1892ರಿಂದ ಬರ್ತಿದೆ, ಹಳೇ ಸಂಚಿಕೆ ಆನ್‌ಲೈನಲ್ಲಿ ಫ್ರೀ. ‘ಪೇಪರ್ಸ್ ಪಾಸ್ಟ್’ ಅಂತ ನ್ಯೂಜಿಲೆಂಡ್ ರಾಷ್ಟ್ರೀಯ ಗ್ರಂಥಾಲಯದ ಸೈಟಲ್ಲಿ ಹಳೇ ಪತ್ರಿಕೆಗಳು ಸಿಗತ್ವೆ, ಅದೂ ಫ್ರೀ. ಪುಸ್ತಕ ನಿಮ್ಮಲ್ಲಿ ಇಲ್ವಾ, ಡೆಲ್‌ನೆಟ್ (ಲೈಬ್ರರಿಗಳು ಪುಸ್ತಕ ಹಂಚ್ಕೊಳ್ಳೋ ಜಾಲ) ಮೂಲಕ ಬೇರೆ ಲೈಬ್ರರಿಯಿಂದ ತರಿಸೋಕೆ ಆಗತ್ತಾ ಕೇಳಿ. ಇದಕ್ಕೆ ಟೈಮ್ ಹಿಡಿಯತ್ತೆ, ಸಬ್‌ಮಿಷನ್ ಹಿಂದಿನ ದಿನ ಕೇಳಿದ್ರೆ ಯಾರೂ ಏನೂ ಮಾಡಕ್ಕಾಗಲ್ಲ.

ಎಐ ಚಾಟ್‌ಬಾಟ್‌ಗೆ ‘ಐದು ಪುಸ್ತಕ ಹೇಳು’ ಅಂದ್ರೆ ಹೇಳತ್ತೆ, ಅದರಲ್ಲಿ ಎರಡು ಹುಟ್ಟೇ ಇರಲ್ಲ. ಕ್ಯಾಟಲಾಗ್‌ನಲ್ಲಿ ಸಿಗದ ಪುಸ್ತಕನ ಪಟ್ಟಿಗೆ ಹಾಕಲೇಬೇಡಿ. ಜೆರಾಕ್ಸ್ ಅಂಗಡಿಲಿ ಸಿಗೋ ರೆಡಿಮೇಡ್ ಪ್ರಾಜೆಕ್ಟಂತೂ ಮುಟ್ಟಬೇಡಿ, ಅದೇ ತಪ್ಪು ಅದೇ ಸಾಲಲ್ಲಿ ಪ್ರತಿ ವರ್ಷ ನಮ್ಮ ಟೇಬಲ್‌ಗೆ ಬರತ್ತೆ.

6. ನೋಟ್ಸ್

ಪೆನ್ಸಿಲ್, ಲಾಂಗ್ ನೋಟ್‌ಬುಕ್. ಮೊಬೈಲಲ್ಲಿ ಪುಟದ ಫೋಟೊ ತೆಗೆದ್ರೆ ಓದಿದ ಹಾಗಲ್ಲ, ಗ್ಯಾಲರಿಲಿ ಮದುವೆ ಫೋಟೊ ಮಧ್ಯೆ ಕಳೆದುಹೋಗತ್ತೆ. ಎಡಗಡೆ ಪುಟದಲ್ಲಿ ಪುಸ್ತಕದ ಮಾತು, ಬಲಗಡೆ ನಿಮ್ಮ ಮಾತು, ಎರಡೂ ಬೆರೆಸಬೇಡಿ. ಪ್ರತಿ ಪಾಯಿಂಟ್ ಪಕ್ಕ ಲೇಖಕರ ಹೆಸರು, ಇಸವಿ, ಪುಟ ಸಂಖ್ಯೆ ಅಲ್ಲೇ ಆವಾಗಲೇ ಬರೀರಿ. ಲೈಬ್ರರಿ ಪುಸ್ತಕಕ್ಕೆ ಹೈಲೈಟರ್ ಹಾಕೋರನ್ನ ಕಂಡ್ರೆ ನಂಗೆ ಕೋಪ ಬರತ್ತೆ, ನಿಮ್ಮ ನಂತರ ಓದೋರೂ ಇದಾರೆ.

7. ಬರೆಯೋದು

ಮೊದಲ ಪ್ಯಾರಾದಲ್ಲೇ ನಿಮ್ಮ ಪ್ರಶ್ನೆ ಇಡಿ. ಮಾವೋರಿಗಳು ಹೀಗೆ ‘ಇದ್ದರು’ ಅಂತ ಮುಗಿದ ಕಥೆ ಥರ ಬರೀಬೇಡಿ, 2023ರ ಜನಗಣತಿಲಿ 8,87,493 ಜನ ತಾವು ಮಾವೋರಿ ಅಂತ ಬರೆಸಿದಾರೆ, ಗದ್ದದ ಮೇಲೆ ಮೋಕೊ ಇರೋ ನನಾಯಾ ಮಹುಟಾ 2020ರಲ್ಲಿ ಆ ದೇಶದ ವಿದೇಶಾಂಗ ಸಚಿವೆ ಆದ್ರು. ಕೊನೇಲಿ ಪುಸ್ತಕ ಪಟ್ಟಿ ಹಾಕಿ, ಓದಿದ್ದನ್ನ ಮಾತ್ರ. ವೈವಾದಲ್ಲಿ ನಾನು ಕೇಳೋ ಮೊದಲ ಪ್ರಶ್ನೆ ಆ ಪಟ್ಟಿಯಿಂದಾನೇ: ಇದರಲ್ಲಿ ಮಾವೋರಿಗಳು ಬರೆದದ್ದು ಯಾವುದು?