ಕ್ರ್ಯಾಂಕ್ ಬೋಲ್ಟ್‌ಗೆ ಕೈ ಅಂದಾಜು ಬೇಡ

ಕ್ರ್ಯಾಂಕ್ ಅಂದರೆ ಪಿಸ್ಟನ್‌ಗಳು ತಿರುಗಿಸುವ ಎಂಜಿನ್‌ನ ಮುಖ್ಯ ದಂಡ. ಅದಕ್ಕೂ ವಾಲ್ವ್‌ಗಳಿಗೂ ತಾಳ ಕೂಡಿಸುವ ಟೈಮಿಂಗ್ ಬೆಲ್ಟ್ ಬದಲಿಸುವಾಗ ಬೆಲ್ಟ್‌ಗಿಂತ ಜಾಸ್ತಿ ಕಾಡುವುದು ಕ್ರ್ಯಾಂಕ್ ತುದಿಯ ಪುಲ್ಲಿಯ ನಡುವಿನ ದೊಡ್ಡ ಬೋಲ್ಟ್. ಕಾರವಾರ, ಅಂಕೋಲಾ ಕಡೆಯ ಗಾಡಿಗಳಲ್ಲಂತೂ ಉಪ್ಪುಗಾಳಿಗೆ ತುಕ್ಕು ಹಿಡಿದು ಕೂತಿರುತ್ತದೆ. ಹೇಗೋ ಬಿಚ್ಚುತ್ತೇವೆ. ವಾಪಸ್ ಹಾಕುವಾಗ ಪಾನಾಕ್ಕೆ ಪೈಪ್ ಸಿಕ್ಕಿಸಿ, ಮೈಭಾರ ಬಿಟ್ಟು, ‘ಇಷ್ಟು ಸಾಕು’ ಅಂದುಬಿಡುತ್ತೇವೆ. ನಾನೂ ಒಮ್ಮೆ ಹಾಗೇ ಮಾಡಿದ್ದೆ. ಮುಂದಿನ ತಿಂಗಳು ದೇವಿಮನೆ ಘಟ್ಟದ ತಿರುವಿನಲ್ಲಿ ಎಂಜಿನ್ ನಿಂತಿತು. ಬೋಲ್ಟ್ ಸಡಿಲಾಗಿ, ಪುಲ್ಲಿ ಅಲ್ಲಾಡಿ, ಕ್ರ್ಯಾಂಕ್‌ನಲ್ಲಿ ಕೀ (ಪುಲ್ಲಿ ಜಾರದಂತೆ ಹಿಡಿಯುವ ಸಣ್ಣ ಲೋಹದ ತುಂಡು) ಕೂರುವ ತೋಡೇ ಸವೆದಿತ್ತು.

ಮೊದಲು ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್ ನೋಡಿ. ಒಂದೊಂದು ಎಂಜಿನ್‌ಗೆ ಒಂದೊಂದು ಟಾರ್ಕ್, ಅಂದರೆ ಬೋಲ್ಟ್ ಬಿಗಿಯುವ ತಿರುಚು ಬಲದ ಲೆಕ್ಕ. 200 ನ್ಯೂಟನ್ ಮೀಟರ್ ಅಂತಿದ್ದರೆ, ಅರ್ಧ ಮೀಟರ್ ಹಿಡಿಯ ತುದಿಗೆ ಸುಮಾರು 40 ಕೆ.ಜಿ. ಭಾರ ಬೀಳಬೇಕು. ಕೈಗೆ ಇದು ಗೊತ್ತಾಗುವುದಿಲ್ಲ, ಇಟ್ಟ ಬಲ ಮುಟ್ಟಿದೊಡನೆ ‘ಟಕ್’ ಅನ್ನುವ ಟಾರ್ಕ್ ರೆಂಚ್ ಬೇಕೇ ಬೇಕು. ‘ಹೊಸ ಬೋಲ್ಟ್ ಹಾಕಿ’ ಅಂತ ಬರೆದಿದ್ದರೆ ಹಳೆಯದನ್ನು ಬಿಸಾಡಿ. ಅದು ಬಿಗಿಯುವಾಗ ತುಸು ಹಿಗ್ಗುವ ಜಾತಿಯದು.

ಥ್ರೆಡ್‌ಗಳ ತುಕ್ಕು, ಮಣ್ಣು ತೆಗೆಯಿರಿ. ಮ್ಯಾನ್ಯುಯಲ್ ಹೇಳದೆ ಎಣ್ಣೆ ಸವರಬೇಡಿ. ಎಣ್ಣೆ ಇದ್ದರೆ ಅಷ್ಟೇ ಟಾರ್ಕ್‌ಗೆ ಬೋಲ್ಟ್ ಜಾಸ್ತಿ ಎಳೆದುಕೊಳ್ಳುತ್ತದೆ, ತುಂಡಾಗಲೂಬಹುದು.

ಎಂಜಿನ್ ತಿರುಗದಂತೆ ಫ್ಲೈವೀಲ್ (ಕ್ರ್ಯಾಂಕ್‌ನ ಇನ್ನೊಂದು ತುದಿಯ ಭಾರದ ಚಕ್ರ) ಲಾಕ್ ಅಥವಾ ಪುಲ್ಲಿ ಹೋಲ್ಡರ್ ಹಾಕಿ. ಟೈಮಿಂಗ್ ಪಿನ್ ಇದೆಯಲ್ಲ ಅಂತ ಅದರ ಮೇಲೆ ಭಾರ ಬಿಡಬೇಡಿ. ಅದು ಬೆಲ್ಟ್ ಹಾಕುವಾಗ ಟೈಮಿಂಗ್ ಗುರುತು ಕೂಡಿಸಲಿಕ್ಕೆ ಮಾತ್ರ, ಇಷ್ಟು ಬಲಕ್ಕೆ ಬಗ್ಗುತ್ತದೆ.

ಬೋಲ್ಟನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ. ಆಮೇಲೆ ರೆಂಚನ್ನು ನಿಧಾನ, ಒಂದೇ ಸಮ ಎಳೆಯಿರಿ. ‘ಟಕ್’ ಅಂದ ಕೂಡಲೇ ನಿಲ್ಲಿಸಿ. ಇನ್ನೊಮ್ಮೆ ಖಾತ್ರಿಗೆ ಅಂತ ಜಗ್ಗಬೇಡಿ.

ಕೆಲವು ಎಂಜಿನ್‌ಗಳಲ್ಲಿ ಟಾರ್ಕ್ ಆದಮೇಲೆ 90 ಡಿಗ್ರಿ ತಿರುಗಿಸಲು ಹೇಳಿರುತ್ತಾರೆ. ಆಗ ಬೋಲ್ಟ್ ತಲೆಯ ಅಂಚಿಗೆ ಬಿಳಿ ಪೇಂಟ್‌ನ ಚುಕ್ಕೆ ಇಡಿ. ಗಡಿಯಾರದ 12ರ ಜಾಗದಲ್ಲಿರುವ ಚುಕ್ಕೆ 3ಕ್ಕೆ ಬಂದರೆ ಕಾಲು ಸುತ್ತು ಆಯಿತು. ಇಲ್ಲಿ ಉದ್ದ ಹಿಡಿ ಬಳಸಿ, ಪಕ್ಕದಲ್ಲಿ ಒಬ್ಬರು ಚುಕ್ಕೆ ನೋಡುತ್ತಿರಲಿ.

ಲಾಕ್, ಪಿನ್ ಎಲ್ಲ ತೆಗೆದು, ಸ್ಟಾರ್ಟ್ ಮಾಡುವ ಮೊದಲು ಕ್ರ್ಯಾಂಕನ್ನು ಎಂಜಿನ್ ಓಡುವ ದಿಕ್ಕಿಗೇ ಪಾನಾದಿಂದ ಪೂರ್ತಿ ಎರಡು ಸುತ್ತು ತಿರುಗಿಸಿ, ಗುರುತು ಕೂಡುತ್ತವೆಯೇ ನೋಡಿ. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಒತ್ತಾಯ ಬೇಡ. ವಾಲ್ವ್ ಪಿಸ್ಟನ್‌ಗೆ ತಾಗುತ್ತಿರಬಹುದು. ಬೆಲ್ಟ್ ಬಿಚ್ಚಿ ಮತ್ತೆ ಗುರುತಿನಿಂದಲೇ ಶುರು ಮಾಡಿ.