ಕಬ್ಬು ಕಡಿಯಲು ಬಂದವರ ಮಕ್ಕಳು, ಪಂಚಾಯ್ತಿಯ ಒಂದು ನಡಾವಳಿ: ನನ್ನ ಅನುಭವ

ಮಂಡ್ಯ ಜಿಲ್ಲೆಯಲ್ಲಿ ಕಬ್ಬಿನ ಕಟಾವು ಶುರುವಾಯಿತು ಅಂದರೆ ನಾಲೆ ಬದಿಯಲ್ಲಿ, ಖಾಲಿ ಗದ್ದೆಗಳಲ್ಲಿ ಟಾರ್ಪಾಲಿನ ಗುಡಿಸಲುಗಳು ಏಳುತ್ತವೆ. ಹೂವಿನಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಕಡೆಯಿಂದ ಗ್ಯಾಂಗುಗಳು ಬರುತ್ತವೆ. ತುಂಬಾ ಜನ ಲಂಬಾಣಿ ತಾಂಡಾದವರು. ಮೇಸ್ತ್ರಿ ಕೈಯಿಂದ ಮುಂಗಡ ತಗೊಂಡು ಗಂಡ ಹೆಂಡತಿ ಇಬ್ಬರೂ ಬರುತ್ತಾರೆ. ಮನೆಯಲ್ಲಿ ನೋಡಿಕೊಳ್ಳುವವರು ಇಲ್ಲದಿದ್ದರೆ ಮಕ್ಕಳೂ ಜೊತೆಗೆ. ಆ ಮಕ್ಕಳಿಗೆ ಅಂಗನವಾಡಿ, ಶಾಲೆ, ರೇಷನ್ ಸಿಗುವ ಹಾಗೆ ಮಾಡಲು ನಾನು ಮತ್ತು ನನ್ನ ಸಂಗಡಿಗರು ಹೇಗೆ ಕೆಲಸ ಮಾಡಿದೆವು ಅನ್ನುವುದನ್ನು ಬರೆಯುತ್ತಿದ್ದೇನೆ. ಸಮಾಜಕಾರ್ಯ ಓದುತ್ತಿರುವವರು ನೀತಿ ವಿಶ್ಲೇಷಣೆ, ಅಡ್ವೊಕೆಸಿ (ಜನರ ಪರವಾಗಿ ಅಧಿಕಾರದಲ್ಲಿರುವವರ ಮುಂದೆ ವಾದ ಮಂಡಿಸುವುದು) ಅನ್ನುವ ಪತ್ರಿಕೆ ಬರೆದು ಪಾಸಾಗುತ್ತಾರೆ. ಆಮೇಲೆ ಅದು ವಿಧಾನಸೌಧದವರ ಕೆಲಸ ಅಂದುಕೊಂಡು ಸುಮ್ಮನಾಗುತ್ತಾರೆ. ನನಗೆ ಅದು ಹಳ್ಳಿ ಮಟ್ಟದಲ್ಲೇ ಜಾಸ್ತಿ ಬೇಕಾಯಿತು.

ಮೊದಲು ನಾವು ಹುಡುಕಿದ್ದು, ಈ ಕುಟುಂಬಗಳಿಗೆ ಮಾಲೀಕ ಯಾರು ಅಂತ. ರೈತರನ್ನು ಕೇಳಿದರೆ ಕಾರ್ಖಾನೆ ಕಡೆಯಿಂದ ಬಂದ ಗ್ಯಾಂಗು ಅಂದರು. ಕಾರ್ಖಾನೆ ಕಡೆಯವರು ಮೇಸ್ತ್ರಿಯನ್ನು ಕೇಳಿ ಅಂದರು. ಮೇಸ್ತ್ರಿ, ಇವರೆಲ್ಲ ನಮ್ಮ ಸಂಬಂಧಿಕರೇ, ಮಾಲೀಕ ಗೀಲೀಕ ಏನಿಲ್ಲ ಅಂದ. ಕಟಾವು ಕೂಲಿ ಕೊನೆಗೆ ಕಳೆಯುವುದು ರೈತನ ಕಬ್ಬಿನ ದುಡ್ಡಿನಲ್ಲೇ. ಆದರೂ ಕೂಲಿಯವರ ಹೊಣೆ ಹೊರುವವರು ಯಾರೂ ಇಲ್ಲ.

ಕಾನೂನು ತೆಗೆದು ನೋಡಿದೆವು. ವಲಸೆ ಕಾರ್ಮಿಕರಿಗೆ ಅಂತ 1979ರ ಕಾಯ್ದೆ ಇತ್ತು. ಆದರೆ ಅದು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋದವರಿಗೆ ಮಾತ್ರ. 2020ರ ಕಾರ್ಮಿಕ ಸಂಹಿತೆಯಲ್ಲೂ ರಾಜ್ಯದ ಗಡಿ ದಾಟಬೇಕು ಅನ್ನುವ ಷರತ್ತು ಹಾಗೇ ಉಳಿದಿದೆ. ಹಡಗಲಿಯಿಂದ ಮಂಡ್ಯಕ್ಕೆ 300 ಕಿಲೋಮೀಟರಿಗೂ ಜಾಸ್ತಿ. ಅಷ್ಟು ದೂರ ಬಂದು ತಿಂಗಳುಗಟ್ಟಲೆ ಟಾರ್ಪಾಲಿನಡಿ ಇದ್ದರೂ, ಎರಡೂ ಊರು ಕರ್ನಾಟಕದಲ್ಲೇ ಇರುವುದರಿಂದ ಆ ಕಾನೂನಿನ ಲೆಕ್ಕದಲ್ಲಿ ಇವರು ವಲಸೆ ಕಾರ್ಮಿಕರೇ ಅಲ್ಲ!

ಇಲ್ಲಿ ಒಂದು ತೀರ್ಮಾನಕ್ಕೆ ಬರಬೇಕಾಯಿತು. ಮಾಲೀಕನನ್ನು ಹಿಡಿದು ಹೊಣೆ ಮಾಡಿಸಲು ಹೊರಟರೆ ವರ್ಷಗಳೇ ಹಿಡಿಯುತ್ತವೆ. ಸಿಟ್ಟಿಗೆದ್ದ ಮೇಸ್ತ್ರಿ ಗ್ಯಾಂಗನ್ನು ರಾತ್ರೋರಾತ್ರಿ ಬೇರೆ ಕಡೆಗೆ ಹೊರಡಿಸಿದರೆ ಮುಂಗಡದ ಸಾಲ ಮಾತ್ರ ಇವರ ತಲೆ ಮೇಲೆ ಉಳಿಯುತ್ತದೆ. ಅದಕ್ಕೆ ಮಾಲೀಕ ಯಾರೇ ಆಗಿರಲಿ, ಸರ್ಕಾರ ಮಗುವಿಗೆ ನೇರವಾಗಿ ಕೊಡಬೇಕಾದ್ದನ್ನು ಮೊದಲು ಹಿಡಿಯೋಣ ಅಂದುಕೊಂಡೆವು. ಕಾರ್ಮಿಕ ಹಕ್ಕಿನ ಪ್ರಶ್ನೆ ಸಣ್ಣದು ಅಂತಲ್ಲ. ಅದನ್ನು ಆ ಜನರೇ ಸಂಘಟಿತರಾಗಿ ಎತ್ತಿದರೆ ನಾವು ಹಿಂದೆ ನಿಲ್ಲಬಹುದು. ಅವರ ಸಾಲವನ್ನು ಪಣಕ್ಕಿಟ್ಟು ನಾವು ಹೋರಾಟ ಶುರುಮಾಡುವುದು ಸರಿಯಲ್ಲ.

ಆಮೇಲೆ ತಾಯಂದಿರ ಜೊತೆ ಕೂತೆವು. ಸಂಜೆ ಕಟಾವು ಮುಗಿಸಿ ಬಂದು ಒಲೆ ಹೊತ್ತಿಸುವ ಹೊತ್ತು, ಮಾತಿಗೆ ಸಿಗುತ್ತಿದ್ದುದು ಅದೊಂದೇ ಸಮಯ. ನಮ್ಮ ತಲೆಯಲ್ಲಿ ಇದ್ದದ್ದು ಶಾಲೆ. ಅವರು ಹೇಳಿದ್ದು ಬೇರೆ. "ಯಕ್ಕಾ, ಸಾಲಿ ಆಮ್ಯಾಲ. ಮೊದ್ಲು ಈ ಸಣ್ಣವ್ನ ಹಗಲೊತ್ತು ಎಲ್ಲೆರ ಇಟ್ಕಳಾಕ ಹೇಳ್ರಿ" ಅಂದಳು ಒಬ್ಬಾಕೆ.

ಯಾಕೆ ಅಂತ ಮಾರನೇ ದಿನ ಗದ್ದೆಗೆ ಹೋದಾಗ ಕಂಡಿತು. ಬದುವಿನ ಮರಕ್ಕೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸಿದ್ದರು. ಅದರ ಪಕ್ಕ ಎಂಟೊಂಬತ್ತು ವರ್ಷದ ಹುಡುಗಿ ಇನ್ನೊಂದು ಮಗುವನ್ನು ಸೊಂಟದ ಮೇಲೆ ಹೊತ್ತು ನಿಂತಿದ್ದಳು. ಹತ್ತಿರದಲ್ಲೇ ಟ್ರಾಕ್ಟರ್ ಹಿಂದಕ್ಕೆ ಬರುತ್ತಿತ್ತು. ಸೋಗೆ ರಾಶಿ ಹಿಂದೆ ಆಡುವ ಮಗು ಡ್ರೈವರಿಗೆ ಕಾಣುವುದಿಲ್ಲ. ಆ ಹುಡುಗಿಗೆ ನಾವು ಶಾಲೆ ಸೀಟು ಕೊಡಿಸಿದ್ದರೂ ಅವಳು ಹೋಗುತ್ತಿರಲಿಲ್ಲ. ತಮ್ಮನನ್ನು ನೋಡಿಕೊಳ್ಳುವವರು ಬೇಕಲ್ಲ. ಅಂಗನವಾಡಿಯ ಬಾಗಿಲು ತೆರೆದರೆ ಮಾತ್ರ ಅಕ್ಕನಿಗೆ ಶಾಲೆಯ ದಾರಿ. ನಮ್ಮ ಕೆಲಸದ ಕ್ರಮವನ್ನು ನಿಗದಿ ಮಾಡಿದ್ದು ಆ ತಾಯಂದಿರ ಮಾತು.

ನೀತಿ ವಿಶ್ಲೇಷಣೆಗೆ ನಾನು ಬಳಸುವ ದಾರಿ ಬಹಳ ಸರಳ. ಒಂದು ದೊಡ್ಡ ಹಾಳೆಯಲ್ಲಿ ಗೆರೆ ಎಳೆದು ಬರೆಯುತ್ತೇನೆ: ಏನು ಸಿಗಬೇಕು, ಯಾವ ಕಾನೂನಿನಲ್ಲಿದೆ, ಸಹಿ ಹಾಕುವವರು ಯಾರು, ಸಾಮಾನು ಎಲ್ಲಿಂದ ಬರುತ್ತದೆ, ಏನು ದಾಖಲೆ ಕೇಳುತ್ತಾರೆ, ಕೊನೆಗೆ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಕೊನೆಯದನ್ನು ಆಫೀಸಿನಲ್ಲಿ ಕೂತು ತುಂಬಲು ಆಗುವುದಿಲ್ಲ. ಅಂಗನವಾಡಿ, ನ್ಯಾಯಬೆಲೆ ಅಂಗಡಿಗಳಲ್ಲಿ ನಿಂತು ನೋಡಬೇಕು.

ಅಂಗನವಾಡಿಯ ವಿಷಯದಲ್ಲಿ ಕಾನೂನು ಗಟ್ಟಿಯಾಗಿದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಆರು ತಿಂಗಳಿಂದ ಆರು ವರ್ಷದವರೆಗಿನ ಮಕ್ಕಳಿಗೆ ಅಂಗನವಾಡಿ ಮೂಲಕ ಊಟ ಸಿಗಬೇಕು. ಗರ್ಭಿಣಿ, ಬಾಣಂತಿಯರಿಗೆ 4ನೇ ಸೆಕ್ಷನ್. ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು ಅಂತ ಎಲ್ಲೂ ಇಲ್ಲ. 2006ರ ಡಿಸೆಂಬರ್‌ನಲ್ಲೇ ಸುಪ್ರೀಂ ಕೋರ್ಟು ಆರು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಈ ಸೇವೆ ತಲುಪಬೇಕು ಅಂತ ಆದೇಶ ಮಾಡಿದೆ. ಅಂಗನವಾಡಿಯ ಲೆಕ್ಕ ಇಡುವ ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ಒಂದು ಅಂಗನವಾಡಿಯಿಂದ ಇನ್ನೊಂದಕ್ಕೆ ಹೆಸರು ವರ್ಗಾಯಿಸುವ ಸೌಲಭ್ಯವೂ ಇದೆ. ಹಾಗಾದರೆ ಅಡ್ಡಿ ಎಲ್ಲಿ?

ಕಾರ್ಯಕರ್ತೆಯನ್ನೇ ಕೇಳಿದೆ. "ಬರ್ಲಿ ಕಣಕ್ಕ, ನಂಗೇನ್ ಹೊಟ್ಟೆಕಿಚ್ಚಾ? ನಂಗ್ ಬರೋದೇ ಲೆಕ್ಕದ್ ಸಾಮಾನು. ಇಪ್ಪತ್ ಮಕ್ಳು ಜಾಸ್ತಿ ಬಂದ್ರೆ ಮೊಟ್ಟೆ ಎಲ್ಲಿಂದ ತರ್ಲಿ? ನಾಳೆ ಮೇಲಿನೋರು ಬಂದು ಕೇಳುದ್ರೆ ಏನ್ ತೋರುಸ್ಲಿ?" ಅಂದರು. ಹೊರಗಿನವರು ಇವರನ್ನು ಮಕ್ಕಳನ್ನು ಸೇರಿಸಿಕೊಳ್ಳದ ಕಟುಕರು ಅಂದುಬಿಡುತ್ತಾರೆ. ಆದರೆ ಅವರ ಮಾತಿನಲ್ಲೇ ನೀತಿಯ ತೊಡಕು ಪೂರ್ತಿ ಇತ್ತು. ಸಾಮಾನು ಹಿಂದಿನ ಹಾಜರಾತಿ ನೋಡಿ ಬರುತ್ತದೆ. ಮಕ್ಕಳು ಈ ತಿಂಗಳು ಬರುತ್ತಾರೆ. ಹಾಗಾಗಿ ನಮ್ಮ ಬೇಡಿಕೆ ಮಕ್ಕಳನ್ನು ಸೇರಿಸಿಕೊಳ್ಳಿ ಅನ್ನುವಲ್ಲಿಗೆ ನಿಲ್ಲಲಿಲ್ಲ. ಗ್ಯಾಂಗು ಬಂದ ವಾರದಲ್ಲೇ ಹೆಚ್ಚುವರಿ ಬೇಡಿಕೆ ಪಟ್ಟಿ ತೆಗೆದುಕೊಳ್ಳಿ, ಅದಕ್ಕೆ ಸಿಡಿಪಿಒ (ತಾಲ್ಲೂಕಿನ ಅಂಗನವಾಡಿಗಳನ್ನು ನೋಡಿಕೊಳ್ಳುವ ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಲಿಖಿತ ಒಪ್ಪಿಗೆ ಕೊಡಲಿ ಅಂತ ಕೇಳಿದೆವು. ಆ ಕಾರ್ಯಕರ್ತೆ ಅಲ್ಲಿಂದ ನಮ್ಮ ಪರ ನಿಂತರು.

ಇನ್ನೊಂದು ತೊಡಕು ನಕ್ಷೆಯಲ್ಲಿ ಸಿಕ್ಕಿತು. ಕ್ಷೇತ್ರಕಾರ್ಯಕ್ಕೆ ಬಂದ ವಿದ್ಯಾರ್ಥಿಗಳು ತಾಯಂದಿರನ್ನು ಕೂರಿಸಿಕೊಂಡು ನೆಲದ ಮೇಲೆ ನಕ್ಷೆ ಬರೆಸಿ ಹಾಳೆಗೆ ಇಳಿಸಿದರು. ದಾಖಲೆ ಪ್ರಕಾರ ಗುಡಿಸಲುಗಳಿಗೆ ಹತ್ತಿರದ ಅಂಗನವಾಡಿ ನಾಲೆಯ ಆಚೆ ದಡದಲ್ಲಿ. ಕಣ್ಣಿಗೆ ಕಾಣುತ್ತದೆ, ಆದರೆ ಸೇತುವೆ ಬಹಳ ದೂರ. ಮೂರು ವರ್ಷದ ಮಗುವನ್ನು ತುಂಬಿ ಹರಿಯುವ ವಿಶ್ವೇಶ್ವರಯ್ಯ ನಾಲೆ ಏರಿ ಮೇಲೆ ದಿನಾ ಯಾರು ಕಳಿಸುತ್ತಾರೆ? ಈಚೆ ದಡದ ಇನ್ನೊಂದು ಅಂಗನವಾಡಿ ಬದು ದಾರಿಯಲ್ಲಿ ಹತ್ತಿರ. ಆದರೆ ಅದು ಬೇರೆ ಹಳ್ಳಿಯ ಸರಹದ್ದು. ಆ ನಕ್ಷೆಯನ್ನು ಅರ್ಜಿಗೆ ಲಗತ್ತಿಸಿದೆವು. ಅಧಿಕಾರಿ ಅರ್ಜಿಗಿಂತ ಜಾಸ್ತಿ ಹೊತ್ತು ಅದನ್ನೇ ನೋಡಿದರು. ಸರಹದ್ದಿನ ಮಾತು ಅಲ್ಲಿಗೆ ಮುಗಿಯಿತು.

ಅರ್ಜಿ ಒಂದೇ ಪುಟ ಇರಬೇಕು ಅನ್ನುವುದು ನನ್ನ ಹಟ. ಮೊದಲ ಪ್ಯಾರಾದಲ್ಲಿ ಏನಾಗಿದೆ. ಎರಡನೆಯದರಲ್ಲಿ ಕಾನೂನು ಏನು ಹೇಳುತ್ತದೆ. ಮೂರನೆಯದರಲ್ಲಿ ನೀವು ಏನು ಮಾಡಬೇಕು. ಒಂದು ಅರ್ಜಿಗೆ ಒಂದೇ ಬೇಡಿಕೆ, ಅದೂ ಆ ಮೇಜಿನಲ್ಲಿ ಕೂತವರ ಕೈಯಲ್ಲಿ ಆಗುವಂಥದ್ದು. ಸಿಡಿಪಿಒಗೆ ಕೊಡುವ ಅರ್ಜಿಯಲ್ಲಿ ಶಾಲೆ, ರೇಷನ್, ಕೂಲಿ ಎಲ್ಲಾ ತುಂಬಿದರೆ ಅದು ಬೇರೆ ಇಲಾಖೆಗೆ ಹೋಗುತ್ತದೆ, ಮತ್ತೆ ವಾಪಸ್ ಬರುವುದಿಲ್ಲ. ಸ್ವೀಕೃತಿ ಸೀಲು ಹಾಕಿಸಿಕೊಂಡ ಪ್ರತಿ ಮಾತ್ರ ಮರೆಯದೆ ತರಬೇಕು.

ಮಾಹಿತಿ ಹಕ್ಕು ಕೂಡ ನಮಗೆ ಕೆಲಸಕ್ಕೆ ಬಂತು. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು, ಶುಲ್ಕ 10 ರೂಪಾಯಿ. ಒಂದು ಕಚೇರಿಗೆ, ನಿಮ್ಮ ವ್ಯಾಪ್ತಿಯಲ್ಲಿ ವಲಸೆ ಬಂದ ಕುಟುಂಬಗಳ ಮಕ್ಕಳ ಪಟ್ಟಿ ಕೊಡಿ ಅಂತ ಕೇಳಿದೆವು. ಉತ್ತರ ಬಂತು: ಶೂನ್ಯ. ಸಂಗಡಿಗರು ಬೇಜಾರಾದರು. ನನಗೆ ಖುಷಿಯಾಯಿತು. ಆ ಹಾಳೆಯ ಪಕ್ಕ ವಿದ್ಯಾರ್ಥಿಗಳು ಗುಡಿಸಲು ಗುಡಿಸಲಿಗೆ ಹೋಗಿ ಬರೆದ ಮಕ್ಕಳ ಪಟ್ಟಿ ಇಟ್ಟರೆ ಬೇರೆ ವಾದವೇ ಬೇಕಿರಲಿಲ್ಲ.

ಆದರೂ ಅಧಿಕಾರಿಯ ಒಪ್ಪಿಗೆ ಮಾತ್ರ ಸಾಲದು. ಒಳ್ಳೆಯ ಅಧಿಕಾರಿಗೆ ವರ್ಗವಾದರೆ ಮತ್ತೆ ಮೊದಲಿನಿಂದ ಶುರು. ಅದಕ್ಕೆ ಗ್ರಾಮ ಪಂಚಾಯ್ತಿಯ ನಡಾವಳಿಯಲ್ಲಿ, ಅಂದರೆ ಸಭೆಯ ತೀರ್ಮಾನಗಳ ದಾಖಲೆಯಲ್ಲಿ, ಬರೆಸಬೇಕು ಅಂತ ಹಿಡಿದು ಕೂತೆವು. ಇಬ್ಬರು ಮಹಿಳಾ ಸದಸ್ಯರು ವಿಷಯವನ್ನು ಸಾಮಾನ್ಯ ಸಭೆಯ ಪಟ್ಟಿಗೆ ಸೇರಿಸಿದರು. ಸಭೆಯಲ್ಲಿ ಒಬ್ಬ ಸದಸ್ಯರು ಎದ್ದು, ನಮ್ಮೂರ ಮಕ್ಕಳಿಗೇ ಸಾಲದು, ಹೊರಗಿನವರಿಗೆ ಯಾಕೆ ಅಂದರು. ನಾನು ಸೆಕ್ಷನ್ ಹೇಳಲು ಹೋಗಲಿಲ್ಲ. ಮೊದಲೇ ಮಾತಾಡಿಸಿದ್ದ ಹಿರಿಯ ಕಬ್ಬು ಬೆಳೆಗಾರರೊಬ್ಬರು ಎದ್ದರು. "ಹೊರಗಿನೋರು ಅಂತೀಯಲ್ಲಪ್ಪಾ, ಹೋದ್ವರ್ಸ ಗ್ಯಾಂಗ್ ಬರದೆ ನಿನ್ ಕಬ್ಬು ಗದ್ದೇಲೆ ಸೌದೆ ಆಯ್ತಿರ್ಲಿಲ್ವಾ? ಅವ್ರ್ ಮಕ್ಳು ಒಂದ್ ತುತ್ತು ಉಂಡ್ರೆ ನಿಂಗೇನ್ ಕಮ್ಮಿ ಆಯ್ತದೆ?" ಸಭೆ ಸುಮ್ಮನಾಯಿತು. ನಡಾವಳಿಗೆ ಸಹಿ ಬಿತ್ತು. ಕಟಾವಿಗೆ ಆಳು ಸಿಗದೆ ಒದ್ದಾಡುವುದು ಇಲ್ಲಿನ ರೈತರ ದೊಡ್ಡ ಕಷ್ಟ. ಮಕ್ಕಳಿಗೆ ವ್ಯವಸ್ಥೆ ಇರುವ ಊರಿಗೆ ಗ್ಯಾಂಗು ಮತ್ತೆ ಬರುತ್ತದೆ ಅನ್ನುವುದು ಅವರಿಗೆ ತಕ್ಷಣ ಅರ್ಥವಾಗುತ್ತದೆ. ಅಡ್ವೊಕೆಸಿಯಲ್ಲಿ ಯಾರು ಮಾತಾಡಬೇಕು ಅನ್ನುವುದನ್ನು ಆರಿಸುವುದಕ್ಕೆ ನಾನು ತುಂಬಾ ಬೆಲೆ ಕೊಡುತ್ತೇನೆ.

ಮೂರು ವರ್ಷದೊಳಗಿನ ಕೂಸುಗಳಿಗೆ ಇದರಿಂದ ಪೂರ್ತಿ ಪರಿಹಾರ ಸಿಗಲಿಲ್ಲ. ಅಂಗನವಾಡಿಯಲ್ಲಿ ಅವರಿಗೆ ಸಿಗುವುದು ಮನೆಗೆ ಒಯ್ಯುವ ಆಹಾರ, ದಿನವಿಡೀ ನೋಡಿಕೊಳ್ಳುವ ವ್ಯವಸ್ಥೆ ಅಲ್ಲ. ಅದಕ್ಕೆ ಪಂಚಾಯ್ತಿ ಮಟ್ಟದ ಶಿಶುಪಾಲನಾ ಕೇಂದ್ರ, ಕೂಸಿನ ಮನೆ ಇದೆ. ಅದು ಶುರುವಾಗಿದ್ದು ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ. ಇವರಿಗೆ ಇಲ್ಲಿನ ಜಾಬ್ ಕಾರ್ಡ್ ಇಲ್ಲ. ಪಂಚಾಯ್ತಿಯವರು ಜಾಗ ಇದ್ದಾಗ ಸೇರಿಸಿಕೊಳ್ಳುತ್ತಿದ್ದಾರೆ. ಬರವಣಿಗೆಯಲ್ಲಿ ಇನ್ನೂ ಇಲ್ಲ.

ರೇಷನ್ ಬೇಗ ಬಗೆಹರಿಯಿತು. ಕಾರ್ಡು ಯಾವ ಊರಿನದಾದರೂ ರಾಜ್ಯದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಅಕ್ಕಿ ಪಡೆಯಬಹುದು. ಅಂಗಡಿಯವರಿಗೆ ದಾಸ್ತಾನು ಕಮ್ಮಿ ಬೀಳುವ ಭಯ, ಅದನ್ನು ಆಹಾರ ನಿರೀಕ್ಷಕರ ಜೊತೆ ಕೂತು ಸರಿ ಮಾಡಿಕೊಂಡೆವು. ಬೆರಳಚ್ಚು ಮಾತ್ರ ಕಾಡಿತು. ಸೋಗೆ ಕೊಯ್ದು, ಮಚ್ಚು ಹಿಡಿದು ಸವೆದ ಹೆಬ್ಬೆರಳನ್ನು ಯಂತ್ರ ಹಿಡಿಯುವುದಿಲ್ಲ. ಒಬ್ಬ ತಾಯಿ ಸೆರಗಿನಲ್ಲಿ ಬೆರಳು ಒರೆಸಿ ಒರೆಸಿ ಇಡುತ್ತಿದ್ದರು. ಕೊನೆಗೆ ಒಟಿಪಿಯಲ್ಲಿ ಅಕ್ಕಿ ಸಿಕ್ಕಿತು, ಅದಕ್ಕೂ ಕಾರ್ಡಿಗೆ ಜೋಡಿಸಿದ ಫೋನ್ ಊರಲ್ಲಿದ್ದ ಮಗನ ಹತ್ತಿರ ಇತ್ತು.

ಶಾಲೆಯದು ಇನ್ನೂ ಅರ್ಧ ದಾರಿಯಲ್ಲಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 9(ಕೆ) ಪ್ರಕಾರ ವಲಸೆ ಕುಟುಂಬಗಳ ಮಕ್ಕಳ ದಾಖಲಾತಿ ಸ್ಥಳೀಯ ಪ್ರಾಧಿಕಾರದ ಹೊಣೆ. 5ನೇ ಸೆಕ್ಷನ್ ಪ್ರಕಾರ ವರ್ಗಾವಣೆ ಪತ್ರ ತಡವಾಯಿತು ಅಂತ ದಾಖಲಾತಿ ತಡೆಯುವಂತಿಲ್ಲ. ಆದರೆ ತಂದೆತಾಯಿಗೆ ಟಿಸಿ ತೆಗೆಯುವುದೇ ಬೇಡ. ಕೆಲವು ತಿಂಗಳಲ್ಲಿ ವಾಪಸ್ ಹೋಗಬೇಕು, ಅಲ್ಲಿನ ಹೆಸರು ಹೋದರೆ ಮತ್ತೆ ಓಡಾಟ. ಹೀಗಾಗಿ ಮಗುವಿನ ಹೆಸರು ಹಡಗಲಿ ಕಡೆಯ ಹಾಜರಿ ಪುಸ್ತಕದಲ್ಲಿ, ಮಗು ಮಂಡ್ಯದ ಗದ್ದೆಯಲ್ಲಿ. ಅಲ್ಲಿನ ಲೆಕ್ಕದಲ್ಲಿ ಅದು ಶಾಲೆಯಲ್ಲಿದೆ, ಇಲ್ಲಿನ ಲೆಕ್ಕದಲ್ಲಿ ಅದು ಇಲ್ಲವೇ ಇಲ್ಲ. ಒಬ್ಬ ಮುಖ್ಯ ಶಿಕ್ಷಕರು ಧೈರ್ಯ ಮಾಡಿ ಪ್ರತ್ಯೇಕ ಹಾಜರಿ ಪುಸ್ತಕ ಇಟ್ಟರು. ಹೊರಡುವಾಗ ಎಷ್ಟು ದಿನ ಬಂದಿದ್ದಾರೆ, ಏನು ಕಲಿತಿದ್ದಾರೆ ಅಂತ ಪತ್ರ ಬರೆದು ಕಳಿಸಿದರು. ಆನ್‌ಲೈನ್ ವ್ಯವಸ್ಥೆಯಲ್ಲಿ ಇದಕ್ಕೆ ಜಾಗ ಇಲ್ಲ. ಮಹಾರಾಷ್ಟ್ರದಲ್ಲಿ ಕಬ್ಬು ಕಡಿಯುವವರ ಮಕ್ಕಳಿಗೆ ಶಿಕ್ಷಣ ಖಾತರಿ ಕಾರ್ಡ್ ಕೊಡುವ ಕ್ರಮ ಇದೆ, ಕಬ್ಬು ಕಟಾವು ಕಾರ್ಮಿಕರಿಗೆ ಪ್ರತ್ಯೇಕ ಕಲ್ಯಾಣ ನಿಗಮವೂ ಇದೆ. ಅಂಥ ಕಾರ್ಡು ಇಲ್ಲೂ ಬರಬೇಕು ಅನ್ನುವುದು ನಮ್ಮ ಬೇಡಿಕೆ.

ಅದಕ್ಕೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಕೊಡಲು ಮನವಿ ಸಿದ್ಧ ಮಾಡುತ್ತಿದ್ದೇವೆ. ಶಿಕ್ಷಣ ಹಕ್ಕು ಜಾರಿಯಾಗುತ್ತಿದೆಯಾ ಅಂತ ನೋಡುವ ಅಧಿಕಾರ ಅದೇ ಕಾಯ್ದೆಯ 31ನೇ ಸೆಕ್ಷನ್‌ನಲ್ಲಿ ಆಯೋಗಕ್ಕಿದೆ. ಆ ಮುಖ್ಯ ಶಿಕ್ಷಕರ ಹಾಜರಿ ಪುಸ್ತಕದ ನಕಲು, ಪಂಚಾಯ್ತಿಯ ನಡಾವಳಿ, ಶೂನ್ಯ ಅಂತ ಬಂದ ಉತ್ತರ, ನಾಲೆಯ ನಕ್ಷೆ, ನಾಲ್ಕನ್ನೂ ಜೊತೆಗಿಡುತ್ತಿದ್ದೇವೆ. ಈ ಸಲ ಹಡಗಲಿ ಕಡೆಯ ಸಂಗಡಿಗರು ಗ್ಯಾಂಗು ಹೊರಡುವ ಮೊದಲೇ ಮಕ್ಕಳ ಪಟ್ಟಿ ಕಳಿಸಲು ಒಪ್ಪಿದ್ದಾರೆ. ಪಟ್ಟಿ ಮೊದಲೇ ಬಂದರೆ ಅಂಗನವಾಡಿಯ ಹೆಚ್ಚುವರಿ ಬೇಡಿಕೆಯನ್ನು ಗ್ಯಾಂಗು ಬರುವ ಮುಂಚೆಯೇ ಕಳಿಸಬಹುದು.